ಸಕೆಗೆ ನೆಂಚಿಕೊಳ್ಳಲು ಏನಿದೆ?

ನಮ್ಮೂರು ಕುಂದಾಪುರದ ಕಡೆ. ಬೆಳಿಗ್ಗೆ ಗದ್ದೆಯಿಂದ ಬಂದು ಕಾಲು ತೊಳೆದು ಕುಚ್ಚಲಕ್ಕಿ ಗಂಜಿಯ ಮುಂದೆ ಕೂತಾಗ ಅಪ್ಪಯ್ಯ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ನೆಂಚಿಕಂಬುಕೆ ಎಂತ ಇತ್ತ್?"

ಒಂದು ಮಾವಿನ ಮಿಡಿ, ಇಲ್ಲವೇ ಕೆಂಡದಲ್ಲಿ ಸುಟ್ಟ ಒಣಮೀನಿನ ಚೂರು, ಕೆಲವು ದಿನ ಒಣ ಸಿಗಡಿ ಚಟ್ನಿ. ಇದ್ದದ್ದು ಅಷ್ಟೇ, ಬೇಕಾದದ್ದೂ ಅಷ್ಟೇ. ಉಪ್ಪು, ಖಾರ, ಮೀನಿನ ಕಟು ವಾಸನೆ ಎಲ್ಲ ಒಂದು ಚಿಟಿಕೆಯಲ್ಲಿ ನಾಲಿಗೆಗೆ ತಾಗುತ್ತದೆ. ಹಿಂದೆಯೇ ಒಂದು ಸೌಟು ಬೆಚ್ಚನೆಯ ಗಂಜಿ ಹೋಗಿ ಅದನ್ನೆಲ್ಲ ಸಮಾಧಾನ ಮಾಡುತ್ತದೆ. ಗಂಜಿಯ ಸಪ್ಪೆ ಮತ್ತೆ ಆ ಚಿಟಿಕೆಯನ್ನು ಕೇಳುತ್ತದೆ. ಬಟ್ಟಲು ಖಾಲಿಯಾಗುವವರೆಗೂ ಈ ಹೋಗಿಬರುವಿಕೆ ನಡೆದೇ ಇರುತ್ತದೆ.

ಜಪಾನಿನವರ ಅಕ್ಕಿಯ ಮದ್ಯವಾದ ಸಕೆ ನನಗೆ ಅರ್ಥವಾದದ್ದು ಈ ಗಂಜಿಯ ದಾರಿಯಿಂದ. ಅದಕ್ಕೆ ಮೊದಲು ಅರ್ಥವಾಗಿರಲಿಲ್ಲ. ಬೆಂಗಳೂರಿನ ಒಂದು ಹೋಟೆಲಿನಲ್ಲಿ ಗೆಳೆಯರ ಜೊತೆ ಮೊದಲ ಸಲ ಕುಡಿದಾಗ ಅದನ್ನು ಕಾಫಿಯಷ್ಟು ಬಿಸಿ ಮಾಡಿ ತಂದಿಟ್ಟಿದ್ದರು. ಮೂಗಿಗೆ ಹೊಡೆದದ್ದು ಬರೀ ಸ್ಪಿರಿಟ್ಟಿನ ಆವಿ. ಇದಕ್ಕಾಗಿ ಒಂದು ದೇಶ ಇಷ್ಟು ಪ್ರಾಣ ಬಿಡುತ್ತದೆಯೇ ಎಂದುಕೊಂಡು ಲೋಟ ಪಕ್ಕಕ್ಕಿಟ್ಟಿದ್ದೆ.

ಆಮೇಲೆ ಕೆಲಸದ ಮೇಲೆ ಕೋಬೆಗೆ ಹೋದೆ. ಕೋಬೆಯ ಪೂರ್ವಕ್ಕೆ, ರೊಕ್ಕೋ ಬೆಟ್ಟಕ್ಕೂ ಸಮುದ್ರಕ್ಕೂ ನಡುವೆ ಇರುವ ಕಿರಿದಾದ ಪಟ್ಟಿಯೇ ನಾದಾ. ಜಪಾನಿನ ಅತಿ ದೊಡ್ಡ ಸಕೆ ಸೀಮೆ. ನಮ್ಮ ಮನೆ ಇದ್ದದ್ದು ಉಓಜಾಕಿಯಲ್ಲಿ, ಹನ್‌ಶಿನ್ ರೈಲಿನ ಹಳಿಗೆ ಹತ್ತಿರ. ಚಳಿಗಾಲದಲ್ಲಿ ಬೆಟ್ಟದಿಂದ ಇಳಿಯುವ ಒಣ ಗಾಳಿಗೆ ಅಲ್ಲಿನವರು 'ರೊಕ್ಕೋ ಒರೊಶಿ' ಎನ್ನುತ್ತಾರೆ. ಆ ಗಾಳಿಯ ತಂಪಿನಲ್ಲೇ ನಾದಾದವರು ಶತಮಾನಗಳಿಂದ ಸಕೆ ಮಾಡಿದ್ದಾರೆ. ಆ ಗಾಳಿ ಬೀಸಿದ ಒಂದು ಸಂಜೆ, ಮನೆಯ ಹಿಂದಿನ ಓಣಿಯಲ್ಲಿ ಎಂಟೇ ಕುರ್ಚಿಗಳಿದ್ದ ಒಂದು ಇಜಕಾಯಾದ, ಅಂದರೆ ಕುಡಿಯುತ್ತಾ ತಿನ್ನುವ ಅಂಗಡಿಯ, ಬಾಗಿಲು ಸರಿಸಿ ಒಳಗೆ ಹೋದೆ. ವಯಸ್ಸಾದ ಗಂಡ ಹೆಂಡತಿ ನಡೆಸುತ್ತಿದ್ದ ಅಂಗಡಿ. ಆತ ಒಲೆಯ ಮುಂದೆ, ಆಕೆ ಗಿರಾಕಿಗಳ ಮುಂದೆ. ಇಂಥ ಅಂಗಡಿಯ ಯಜಮಾನಿಯನ್ನು ಎಲ್ಲರೂ 'ಒಕಾಮಿ-ಸಾನ್' ಎಂದೇ ಕರೆಯುತ್ತಾರೆ.

ಆಕೆ ನನ್ನ ಮುಂದಿಟ್ಟದ್ದು ಹೆಬ್ಬೆರಳುದ್ದದ ತಟ್ಟೆಯಲ್ಲಿ ಕಂದು ಬಣ್ಣದ ಸಣ್ಣ ಸಣ್ಣ ಮೀನು. ಇಕನಾಗೊ ಎಂಬ ಮರಿಮೀನನ್ನು ಸೋಯಾ ಸಾಸು, ಸಕ್ಕರೆ, ಶುಂಠಿ ಹಾಕಿ ನೀರು ಇಂಗುವವರೆಗೆ ಕುದಿಸಿದ್ದು. ಬೆಂದ ಮೇಲೆ ಮೀನು ತುಕ್ಕು ಹಿಡಿದು ಬಾಗಿದ ಮೊಳೆಯ ಹಾಗೆ ಕಾಣುವುದರಿಂದ ಹೆಸರು 'ಕುಗಿನಿ', ಅಂದರೆ ಮೊಳೆಬೇಯಿಸಿದ್ದು. ವಸಂತದ ಹೊತ್ತಿಗೆ ಕೋಬೆ, ಅಕಾಶಿಯ ಮನೆಮನೆಯಲ್ಲಿ ಇದನ್ನು ಬೇಯಿಸಿ ನೆಂಟರಿಗೆ ಕಳಿಸುವ ರೂಢಿ. ಜೊತೆಗೆ ತೊಕ್ಕುರಿ ಎಂಬ ಪುಟ್ಟ ಪಿಂಗಾಣಿ ಹೂಜಿಯಲ್ಲಿ ಉಗುರುಬೆಚ್ಚಗಿನ ಸಕೆ. ಒಂದು ಮೀನು ಬಾಯಿಗೆ ಹಾಕಿಕೊಂಡೆ. ಉಪ್ಪು, ಸಿಹಿ, ಶುಂಠಿ, ಸಮುದ್ರ. ಹಿಂದೆಯೇ ಒಂದು ಗುಟುಕು. ಬೆಚ್ಚಗೆ, ಮೆತ್ತಗೆ, ಅಕ್ಕಿಯ ಸಿಹಿ ಹಿಡಿದು ಅದು ಇಳಿಯಿತು. ಬಾಯಿ ಶುಭ್ರವಾಯಿತು. ಕೈ ತಾನಾಗಿಯೇ ಇನ್ನೊಂದು ಮೀನಿಗೆ ಹೋಯಿತು.

ಕುಂದಾಪುರದ ಅಡುಗೆಮನೆಯ ನೆಲ, ಮಣೆ, ಗಂಜಿಯ ಬಟ್ಟಲು ಎಲ್ಲ ಆ ಕುರ್ಚಿಯ ಮೇಲೆ ಕೂತಲ್ಲೇ ಕಂಡವು.

ಹೆಸರಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಹಲವರು 'ಸಾಕೆ' ಎಂದು ಬರೆಯುತ್ತಾರೆ. ಅಲ್ಲಿ ಕಿವಿಗೆ ಬೀಳುವುದು ಹ್ರಸ್ವವಾಗಿ, 'ಸಕೆ'. ಜಪಾನಿನಲ್ಲಿ ಆ ಮಾತಿಗೆ ಯಾವುದೇ ಮದ್ಯ ಎಂದರ್ಥ; ಅಕ್ಕಿಯದ್ದನ್ನೇ ಹೇಳಬೇಕಾದರೆ 'ನಿಹೊನ್‌ಶು' ಎನ್ನುತ್ತಾರೆ. ನನ್ನ ಮನಸ್ಸು ತುಂಬಿದ್ದು ಇನ್ನೊಂದು ಪದಕ್ಕೆ: 'ಸಕನ'. 'ಸಕ' ಎಂದರೆ ಸಕೆ, 'ನ' ಎಂದರೆ ಊಟದ ಜೊತೆಗಿನ ಪದಾರ್ಥ. ಸಕೆಗೆ ನೆಂಚಿಕೊಳ್ಳುವುದು ಯಾವುದೋ ಅದು ಸಕನ. ಹಾಗೆ ನೆಂಚಿಕೊಳ್ಳಲು ಮೀನಿನಷ್ಟು ಒಳ್ಳೆಯದು ಬೇರೊಂದಿಲ್ಲವೆಂದು ಕೊನೆಗೆ ಮೀನಿಗೇ ಆ ಹೆಸರು ನಿಂತಿತು. ಇಂದು ಜಪಾನಿನ ಮಗುವೂ ಮೀನು ತೋರಿಸಿ 'ಸಕನ' ಎನ್ನುತ್ತದೆ. ಆಹಾರದ ಜೊತೆ ಮದ್ಯ ಹೊಂದಿಸುವುದಕ್ಕೆ 'ಪೇರಿಂಗ್' ಎಂಬ ಮಾತು ಈಗ ಎಲ್ಲ ಕಡೆ ಓಡಾಡುತ್ತಿದೆ. ನನಗೆ ಅದು ಬೇಕೆನಿಸುವುದಿಲ್ಲ. ಪೇರಿಂಗ್ ಎಂದಾಗ ಎರಡು ಸಮಾನರನ್ನು ಎದುರು ಬದುರು ನಿಲ್ಲಿಸಿದ ಹಾಗಾಗುತ್ತದೆ. ನೆಂಚಿಕೊಳ್ಳುವುದರಲ್ಲಿ ಒಂದು ಅನ್ನ, ಇನ್ನೊಂದು ಚಿಟಿಕೆ. ಸಕೆಯ ಊಟದಲ್ಲಿ ಅನ್ನದ ಜಾಗ ಸಕೆಯದ್ದು. ಅದಕ್ಕೇ ಅಲ್ಲಿ ಹಳಬರು ಸಕೆ ಕುಡಿಯುವಾಗ ಅನ್ನ ಮುಟ್ಟುವುದಿಲ್ಲ. ಅಕ್ಕಿ ಆಗಲೇ ಲೋಟದಲ್ಲಿದೆ.

ಅಕ್ಕಿಯಿಂದ ಮದ್ಯ ಆಗುವ ಬಗೆಯೇ ಈ ಸ್ವಭಾವಕ್ಕೆ ಕಾರಣ. ದ್ರಾಕ್ಷಿಯಲ್ಲಿ ಸಕ್ಕರೆ ಇದೆ, ಯೀಸ್ಟ್ ಸಿಕ್ಕಿದರೆ ಸಾಕು. ಅಕ್ಕಿಯಲ್ಲಿರುವುದು ಪಿಷ್ಟ. ಅದನ್ನು ಸಕ್ಕರೆ ಮಾಡಲು ಜಪಾನಿನವರು ಬಳಸುವುದು ಕೋಜಿ ಎಂಬ ಬೂಷ್ಟು. ಹಬೆಯಲ್ಲಿ ಬೆಂದ ಅಕ್ಕಿಯ ಮೇಲೆ ಅದರ ಬೀಜಕಣ ಉದುರಿಸಿ, ಮರದ ಗೋಡೆಯ ಬೆಚ್ಚನೆಯ ಕೋಣೆಯಲ್ಲಿ ಎರಡು ದಿನ ಹಗಲೂ ರಾತ್ರಿ ಕಾಯುತ್ತಾರೆ. ಅಕ್ಕಿಯ ಮೇಲೆ ಬಿಳಿ ನವಿರು ಹಬ್ಬುತ್ತದೆ, ಕೋಣೆಯಲ್ಲಿ ಹುರಿದ ಕಾಳಿನಂಥ ಪರಿಮಳ ಏಳುತ್ತದೆ. ಆಮೇಲೆ ದೊಡ್ಡ ತೊಟ್ಟಿಯಲ್ಲಿ ಕೋಜಿ ಪಿಷ್ಟವನ್ನು ಸಕ್ಕರೆ ಮಾಡುತ್ತಾ ಹೋಗುತ್ತದೆ, ಅದೇ ತೊಟ್ಟಿಯಲ್ಲಿ, ಅದೇ ಹೊತ್ತಿಗೆ ಯೀಸ್ಟ್ ಆ ಸಕ್ಕರೆಯನ್ನು ಮದ್ಯ ಮಾಡುತ್ತಾ ಬರುತ್ತದೆ. ಹೀಗೆ ಎರಡೂ ಕೈಹಿಡಿದು ನಡೆಯುವುದರಿಂದಲೇ ಬಟ್ಟಿ ಇಳಿಸದೆ ಮದ್ಯದ ಅಂಶ ನೂರಕ್ಕೆ 20ರ ಹತ್ತಿರ ಏರುತ್ತದೆ. ಬಳಿಕ ನೀರು ಬೆರೆಸಿ ಸಾಮಾನ್ಯವಾಗಿ 15, 16ಕ್ಕೆ ಇಳಿಸುತ್ತಾರೆ. 2024ರ ಡಿಸೆಂಬರಿನಲ್ಲಿ ಯುನೆಸ್ಕೊ ತನ್ನ ಪಾರಂಪರಿಕ ಪಟ್ಟಿಗೆ ಸೇರಿಸಿದ್ದು ಇದೇ ಕೋಜಿಯ ಕಸುಬನ್ನು.

ಕೋಜಿ ಪಿಷ್ಟವನ್ನಷ್ಟೇ ಒಡೆಯುವುದಿಲ್ಲ, ಅಕ್ಕಿಯ ಪ್ರೋಟೀನನ್ನೂ ಒಡೆಯುತ್ತದೆ. ಅದರಿಂದ ಹುಟ್ಟುವ ಅಮೈನೊ ಆಮ್ಲಗಳಲ್ಲಿ ಗ್ಲುಟಾಮಿಕ್ ಆಮ್ಲವೂ ಒಂದು. 1908ರಲ್ಲಿ ಟೋಕಿಯೊದ ಪ್ರಾಧ್ಯಾಪಕ ಕಿಕುನಾಯೆ ಇಕೆದಾ ಕೊಂಬು ಎಂಬ ಸಮುದ್ರಪಾಚಿಯ ಸಾರಿನಿಂದ ಬೇರ್ಪಡಿಸಿ 'ಉಮಾಮಿ' ಎಂದು ಹೆಸರಿಟ್ಟ ರುಚಿ ಇದರದ್ದೇ. ಮೀನಿನಲ್ಲಿ ಇನ್ನೊಂದು ಬಗೆಯ ಉಮಾಮಿ ಇದೆ. ಎರಡೂ ಒಂದೇ ಬಾಯಲ್ಲಿ ಸೇರಿದಾಗ ಒಂದಕ್ಕೊಂದು ಕೂಡಿದ್ದಕ್ಕಿಂತ ಹೆಚ್ಚಿನ ರುಚಿ ಏಳುತ್ತದೆ. ಸಕೆ ಊಟದ ಜೊತೆ ಜಗಳ ಆಡುವುದಿಲ್ಲ ಎಂದು ಅಲ್ಲಿನವರು ಹೇಳುತ್ತಾರೆ. ನಾನು ಅದನ್ನು ಬರೀ ಅಭಿಮಾನದ ಮಾತು ಎಂದುಕೊಂಡಿದ್ದೆ. ಒಣಮೀನಿನ ಜೊತೆ ಕೆಂಪು ವೈನ್ ಕುಡಿದು ಬಾಯೆಲ್ಲ ಮೀನಿನ ಹಳಸು ವಾಸನೆ ತುಂಬಿಕೊಂಡ ದಿನ ನಂಬಿದೆ. 2009ರಲ್ಲಿ ಜಪಾನಿನ ಸಂಶೋಧಕರು ಅದರ ಕಾರಣ ಹಿಡಿದಿದ್ದರು: ವೈನಿನಲ್ಲಿರುವ ಕಬ್ಬಿಣ. ಕಬ್ಬಿಣದ ಅಂಶ ಹೆಚ್ಚಿದ್ದ ವೈನಿನಲ್ಲಿ ಕಡಲ ಪದಾರ್ಥದ ಕೆಟ್ಟ ವಾಸನೆ ಏಳುತ್ತದೆ ಎಂದು ಅವರು ತೋರಿಸಿದರು.

ಸಕೆಯಲ್ಲಿ ಕಬ್ಬಿಣ ತೀರಾ ಕಡಿಮೆ. ಕಬ್ಬಿಣ ಬಿದ್ದರೆ ಸಕೆಯ ಬಣ್ಣ ಕೆಡುತ್ತದೆ, ರುಚಿ ಕೆಡುತ್ತದೆ. ಹಾಗಾಗಿ ಸಕೆ ಮಾಡುವವರು ಮೊದಲಿನಿಂದಲೂ ಕಬ್ಬಿಣವಿಲ್ಲದ ನೀರು ಹುಡುಕಿಕೊಂಡು ಹೋದವರು. ನಾದಾದ ಕೀರ್ತಿ ನಿಂತಿರುವುದೂ ಒಂದು ನೀರಿನ ಮೇಲೆಯೇ. 1840ರ ಸುಮಾರಿಗೆ ಯಮಮುರಾ ತಜಾಎಮೊನ್ ಎಂಬಾತನಿಗೆ ನಿಶಿನೊಮಿಯಾದಲ್ಲಿ ಒಂದು, ಉಓಜಾಕಿಯಲ್ಲಿ ಒಂದು ಸಕೆಮನೆ ಇದ್ದವಂತೆ. ನಿಶಿನೊಮಿಯಾದ್ದೇ ಪ್ರತಿ ವರ್ಷ ಚೆನ್ನಾಗಿ ಬರುತ್ತಿತ್ತು. ಒಂದೇ ಅಕ್ಕಿ ಹಾಕಿದ, ಕೆಲಸದ ಮುಖ್ಯಸ್ಥರನ್ನು ಅದಲು ಬದಲು ಮಾಡಿದ, ಆದರೂ ಹಾಗೆಯೇ. ಕೊನೆಗೆ ನಿಶಿನೊಮಿಯಾದ ಬಾವಿಯ ನೀರನ್ನು ಉಓಜಾಕಿಗೆ ಹೊರಿಸಿಕೊಂಡು ಬಂದ. ಆ ವರ್ಷ ಎರಡೂ ಒಂದೇ ಸಮ ಬಂದವು. 'ಮಿಯಮಿಜು' ಎಂಬ ಆ ನೀರಿನಲ್ಲಿ ಯೀಸ್ಟಿಗೆ ಬೇಕಾದ ಖನಿಜ ಹೇರಳ, ಕಬ್ಬಿಣ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ರುಚಿ ಗಡುಸಾದ ನಾದಾದ ಸಕೆಯನ್ನು ಗಂಡು ಸಕೆ, ಕ್ಯೋಟೊದ ಫುಶಿಮಿಯ ಮೆದು ನೀರಿನದ್ದನ್ನು ಹೆಣ್ಣು ಸಕೆ ಎಂದು ಹಳಬರು ಕರೆದರು. ಆ ಹೆಸರುಗಳು ನನಗೆ ಹಿಡಿಸಿಲ್ಲ, ಆದರೆ ವ್ಯತ್ಯಾಸ ನಾಲಿಗೆಗೆ ಗೊತ್ತಾಗುವುದು ನಿಜ.

ಮೊದಮೊದಲು ನಾನೂ ದುಬಾರಿ ಬಾಟಲಿಗಳ ಹಿಂದೆ ಬಿದ್ದೆ. ಸಕೆಯ ಅಕ್ಕಿಯನ್ನು ಎಷ್ಟು ಪಾಲಿಶ್ ಮಾಡಿದ್ದಾರೆ ಎಂಬುದರ ಮೇಲೆ ದರ್ಜೆ ನಿಲ್ಲುತ್ತದೆ. ಕಾಳಿನ ನೂರು ಪಾಲಿನಲ್ಲಿ 60 ಅಥವಾ ಅದಕ್ಕಿಂತ ಕಡಿಮೆ ಉಳಿದರೆ ಗಿಂಜೊ, 50 ಅಥವಾ ಕಡಿಮೆ ಉಳಿದರೆ ದಾಯ್‌ಗಿಂಜೊ. ಹೊರಗಿನ ಪದರದ ಕೊಬ್ಬು, ಪ್ರೋಟೀನು ಹೋಗಿ ನಡುವಿನ ಬಿಳಿ ಹೃದಯ ಉಳಿಯುತ್ತದೆ. ಇದಕ್ಕೆಂದೇ ಬೆಳೆಯುವ ಭತ್ತಗಳಿವೆ. ಅವುಗಳಲ್ಲಿ ಹೆಸರಾದದ್ದು ಯಮದಾ ನಿಶಿಕಿ. 1923ರಲ್ಲಿ ಕೋಬೆ ಇರುವ ಇದೇ ಹ್ಯೋಗೊ ಪ್ರಾಂತ್ಯದಲ್ಲಿ ತಳಿ ಸಂಕರ ಮಾಡಿ 1936ರಲ್ಲಿ ಹೆಸರಿಟ್ಟದ್ದು. ಕಾಳು ದಪ್ಪ, ಪೈರು ಎತ್ತರ, ಗಾಳಿ ಬಂದರೆ ಮಲಗಿಬಿಡುತ್ತದೆ. ಕೊಯ್ಲಿಗೆ ಮುಂಚೆ ಅದರ ಗದ್ದೆಯ ಬದುವಿನಲ್ಲಿ ನಿಂತಾಗ ಊರಿನ ಹಳೆಯ ಉದ್ದ ಹುಲ್ಲಿನ ಭತ್ತಗಳ ನೆನಪಾಗಿ ಸುಮಾರು ಹೊತ್ತು ಅಲ್ಲಿಂದ ಕದಲಲಾಗಲಿಲ್ಲ.

ದಾಯ್‌ಗಿಂಜೊ ತಣ್ಣಗೆ ಲೋಟಕ್ಕೆ ಬಿದ್ದಾಗ ಏಳುವ ಸೇಬು, ಬಾಳೆಹಣ್ಣಿನ ಪರಿಮಳ ನಿಜಕ್ಕೂ ಬೆರಗು. ಹಣ್ಣಿನ ಹನಿಯೂ ಹಾಕದೆ ಯೀಸ್ಟ್ ಒಂದೇ ತಂಪಿನಲ್ಲಿ ನಿಧಾನಕ್ಕೆ ಮಾಡಿದ ಪರಿಮಳ ಅದು. ಆದರೆ ಒಂದು ಸಂಜೆ ಅಂಥ ಒಂದು ಬಾಟಲಿ ತಂದು ಮನೆಯಲ್ಲಿ ಮಿಸೊ ಎಂಬ ಹುದುಗಿಸಿದ ಸೋಯಾ ಹಿಟ್ಟು ಹಾಕಿ ಬೇಯಿಸಿದ ಸಬಾ ಮೀನಿನ ಜೊತೆ ಕುಡಿದೆ. ಸಬಾ ಎಂದರೆ ನಮ್ಮ ಬಂಗುಡೆಯ ದಾಯಾದಿ. ಎರಡನೇ ಗುಟುಕಿಗೆ ಹಣ್ಣು ಒಂದು ಕಡೆ, ಮೀನು ಒಂದು ಕಡೆ. ಒಂದಕ್ಕೊಂದು ಮುಖ ತಿರುಗಿಸಿ ಕೂತ ಹಾಗಾಯಿತು. ನನ್ನ ಹೆಂಡತಿ ಕುಡಿಯುವುದಿಲ್ಲ, ಆದರೆ ಅವಳ ಮೂಗು ನನ್ನದಕ್ಕಿಂತ ಚುರುಕು. ಲೋಟ ಮೂಸಿ, ಮೀನು ತಿಂದು, "ಇದನ್ನ ಹಾಗೇ ಕುಡೀರಿ. ಮೀನು ಬೇರೆ ತಿನ್ನಿ," ಎಂದಳು. ಅವಳು ಹೇಳಿದ್ದೇ ಸರಿ. ದಾಯ್‌ಗಿಂಜೊಗೆ ಊಟದ ಮೊದಲು ಒಂದು ಸಣ್ಣ ಲೋಟದ ಜಾಗ ಸಾಕು, ಹೆಚ್ಚೆಂದರೆ ಬಿಳಿ ಮೀನಿನ ಹಸಿ ಹೋಳು ಎರಡು. ಮರುದಿನ ಉಳಿದ ಸಬಾಗೆ ಅಂಗಡಿಯ ಕೆಳಗಿನ ಸಾಲಿನ ಜುನ್‌ಮಾಯ್ ತಂದೆ. ಜುನ್‌ಮಾಯ್ ಎಂದರೆ ಅಕ್ಕಿ, ಕೋಜಿ, ನೀರು ಬಿಟ್ಟು ಹೊರಗಿನಿಂದ ಮದ್ಯಸಾರ ಸೇರಿಸದ್ದು. ಅಕ್ಕಿಯನ್ನು 70ರಷ್ಟು ಉಳಿಸಿ ಮಾಡಿದ್ದು. ಬೆಚ್ಚಗೆ ಮಾಡಿದೆ. ಮಿಸೊದ ಉಪ್ಪು, ಸಬಾದ ಎಣ್ಣೆ, ಸಕೆಯ ಹುಳಿ ಮೂರೂ ಒಂದೇ ಪಾತ್ರೆಯಲ್ಲಿ ಬೆಂದ ಹಾಗಿದ್ದವು. ಕುಚ್ಚಲಕ್ಕಿ ತಿಂದು ಬೆಳೆದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಅಕ್ಕಿಯ ಹೊರ ಪದರದಲ್ಲೇ ಊಟದ ಗಟ್ಟಿತನ ಇರುವುದು.

ಹುಳಿ ಎಂದೆನಲ್ಲ, ಅದರ ಕಥೆ ನನಗೆ ತುಂಬ ಹತ್ತಿರದ್ದು. ಕೋಬೆಯ ಜನವರಿಯಲ್ಲಿ ಇಡ್ಲಿ ಹಿಟ್ಟು ಉಬ್ಬುವುದಿಲ್ಲ. ಪಾತ್ರೆಗೆ ಕಂಬಳಿ ಸುತ್ತಿದೆವು. ಸಾಲದಾಯಿತು. ಕೊನೆಗೆ ಬಿಸಿನೀರು ತುಂಬಿದ ಸ್ಟೀಲ್ ಡಬ್ಬಿಯನ್ನು ಪಕ್ಕದಲ್ಲಿಟ್ಟು ಎರಡನ್ನೂ ಸೇರಿಸಿ ಹೊದೆಸಿದೆವು. ಅದೇ ವಾರ ಕಿಕುಮಸಮುನೆ ಸಕೆಮನೆಯ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. ಅಲ್ಲಿದ್ದ ಹಳೆಯ ಮರದ ಸಾಮಾನಿನ ನಡುವೆ ಹಿಡಿ ಇದ್ದ ಒಂದು ಪೀಪಾಯಿ: ಬಿಸಿನೀರು ತುಂಬಿ, ಯೀಸ್ಟ್ ಬೆಳೆಸುವ ಹೆಪ್ಪಿನ ತೊಟ್ಟಿಯೊಳಗೆ ಇಳಿಬಿಟ್ಟು ಬೆಚ್ಚಗೆ ಮಾಡುವುದಕ್ಕೆ. ನಮ್ಮ ಸ್ಟೀಲ್ ಡಬ್ಬಿ ಮಾಡುತ್ತಿದ್ದದ್ದೂ ಅದೇ ಕೆಲಸ.

ಹಳೆಯ 'ಕಿಮೊತೊ' ಪದ್ಧತಿಯಲ್ಲಿ ಈ ಹೆಪ್ಪಿಗೆ ಹೊರಗಿನಿಂದ ಹುಳಿ ಹಾಕುವುದಿಲ್ಲ. ಅನ್ನ, ಕೋಜಿ, ನೀರನ್ನು ರಾತ್ರಿಯ ಚಳಿಯಲ್ಲಿ ಉದ್ದ ಕೋಲುಗಳಿಂದ ಅರೆಯುತ್ತಾರೆ, ಲಯ ತಪ್ಪದಿರಲು ಹಾಡುತ್ತಾರೆ. ಗಾಳಿಯಲ್ಲಿ, ಮರದಲ್ಲಿ ಇರುವ ಬ್ಯಾಕ್ಟೀರಿಯಾ ತಾವಾಗಿ ಬಂದು ಹುಳಿ ಹುಟ್ಟಿಸುತ್ತವೆ. ಆ ಹುಳಿಯಲ್ಲಿ ಕೆಟ್ಟ ಸೂಕ್ಷ್ಮಜೀವಿಗಳು ಸಾಯುತ್ತವೆ, ಯೀಸ್ಟ್ ಬದುಕುತ್ತದೆ. ಮೊದಲು ಬರುವ ಬ್ಯಾಕ್ಟೀರಿಯಾಗಳಲ್ಲಿ ಒಂದರ ಹೆಸರು ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡೀಸ್. ನಮ್ಮ ಇಡ್ಲಿ ಹಿಟ್ಟನ್ನು ಉಬ್ಬಿಸುವುದೂ ಇದೇ ಜೀವಿ. 1909ರಲ್ಲಿ ಅರೆಯುವ ಕೆಲಸವನ್ನು ಬಿಟ್ಟ 'ಯಮಹಾಯ್' ಪದ್ಧತಿ ಬಂತು, ಮರುವರ್ಷವೇ ಲ್ಯಾಕ್ಟಿಕ್ ಆಮ್ಲವನ್ನು ನೇರ ಸುರಿದು ಕಾಲವನ್ನು ಅರ್ಧಕ್ಕೆ ಇಳಿಸುವ ವಿಧಾನವೂ ಬಂತು. ಇಂದು ಬಹುಪಾಲು ಸಕೆ ಈ ಕೊನೆಯದ್ದರಿಂದಲೇ ಆಗುತ್ತದೆ. ಕಿಮೊತೊ, ಯಮಹಾಯ್ ಬಾಟಲಿಗಳಲ್ಲಿ ಮೊಸರಿನ ನೆರಳಿನಂಥ ಒಂದು ಹುಳಿ ಇರುತ್ತದೆ. ಕಾದಾಗಲೇ ಅದು ಬಾಯಿಬಿಟ್ಟು ಮಾತಾಡುವುದು.

ಕಾಯಿಸುವ ವಿಷಯದಲ್ಲಿ ಜಪಾನಿನ ಭಾಷೆಗೆ ಇರುವ ಸೂಕ್ಷ್ಮ ನೋಡಿ. 30 ಡಿಗ್ರಿಗೆ ಬಿಸಿಲ ಬೆಚ್ಚು. 35ಕ್ಕೆ ಮೈಯ ಬೆಚ್ಚು. 40ಕ್ಕೆ ನುರುಕಾನ್, 45ಕ್ಕೆ ಜೋಕಾನ್, 50ಕ್ಕೆ ಅತ್ಸುಕಾನ್. ತಂಪಿಗೂ ಹೆಸರುಗಳಿವೆ: 5ಕ್ಕೆ ಹಿಮದ ತಂಪು, 10ಕ್ಕೆ ಹೂವಿನ ತಂಪು. ಒಂದು ರಜಾದಿನ ಒಂದೇ ಜುನ್‌ಮಾಯ್ ಬಾಟಲಿ ಇಟ್ಟುಕೊಂಡು, ಅಡುಗೆಯ ಥರ್ಮಾಮೀಟರ್ ಹಿಡಿದು, ಪಾತ್ರೆಯ ಬಿಸಿನೀರಿನಲ್ಲಿ ತೊಕ್ಕುರಿ ಇಟ್ಟು ಒಂದೊಂದೇ ಮೆಟ್ಟಿಲು ಹತ್ತಿ ನೋಡಿದೆ. ನೆಂಚಿಕೊಳ್ಳಲು ಉಪ್ಪು ಹಚ್ಚಿ ಒಣಗಿಸಿ ಸುಟ್ಟ ಮೀನು, ಬಿಸಿ ತೋಫು, ಉಪ್ಪಿನಲ್ಲಿಟ್ಟ ಮೂಲಂಗಿ. 10 ಡಿಗ್ರಿಯಲ್ಲಿ ಸಕೆ ಮೂಲಂಗಿಗೆ ಮಾತ್ರ ಒಲಿಯಿತು. 20ರಲ್ಲಿ ಯಾವುದಕ್ಕೂ ಇಲ್ಲ. 40 ದಾಟಿದ ಕೂಡಲೇ ತೋಫುವಿನಲ್ಲಿ ಸಿಹಿ ಇದೆಯೆಂದು ಗೊತ್ತಾಯಿತು. ಅದು ಆವರೆಗೆ ಎಲ್ಲಿ ಅಡಗಿತ್ತೋ. 45ಕ್ಕೆ ಒಣಮೀನಿನ ಸರದಿ. ಸುಟ್ಟ ಚರ್ಮದ ಕಹಿ, ಉಪ್ಪು, ಎಣ್ಣೆಯನ್ನು ಸಕೆ ಒಂದೇ ಬೀಸಿಗೆ ಎತ್ತಿಕೊಂಡು ಹೋಯಿತು. ಗುಟುಕು ಇಳಿದ ಮೇಲೆ ರುಚಿ ಎಳೆಯದೆ, ಕತ್ತರಿಸಿದ ಹಾಗೆ ಮುಗಿಯುವುದಕ್ಕೆ ಅಲ್ಲಿ 'ಕಿರೆ' ಎನ್ನುತ್ತಾರೆ. ಸಕೆಯ ಎಲ್ಲ ಗುಣಗಳಲ್ಲಿ ನಾನು ಮೊದಲು ಹುಡುಕುವುದು ಇದನ್ನೇ, ಪರಿಮಳವನ್ನಲ್ಲ. ಕಿರೆ ಇಲ್ಲದ ಸಕೆ ಮುಂದಿನ ತುತ್ತಿಗೆ ದಾರಿ ಬಿಡುವುದಿಲ್ಲ. 55ಕ್ಕೆ ನಾನು ಬೆಂಗಳೂರಿನ ಆ ಹೋಟೆಲಿಗೆ ವಾಪಸು ಹೋಗಿದ್ದೆ.

ಸಕೆಮನೆಯವರು ರುಚಿ ನೋಡುವುದು ಬೇರೆ ರೀತಿ. ಬಿಳಿ ಪಿಂಗಾಣಿ ಲೋಟದ ತಳದಲ್ಲಿ ಎರಡು ನೀಲಿ ಬಳೆ, ಹೆಸರು ಹಾವಿನ ಕಣ್ಣು. ನೀಲಿ ಬಿಳಿಯ ಅಂಚು ಎಷ್ಟು ಸ್ಪಷ್ಟ ಕಾಣುತ್ತದೆ ಎಂಬುದರಿಂದ ತಿಳಿ, ಬಿಳಿಯ ಮೇಲೆ ಕಾಣುವ ಹಳದಿ ಛಾಯೆಯಿಂದ ಬಣ್ಣ. ಮೂಸಿ, ಗಾಳಿಯೊಂದಿಗೆ ಹೀರಿ, ನಾಲಿಗೆಯ ಮೇಲೆ ಹೊರಳಿಸಿ ಉಗಿಯುತ್ತಾರೆ. ದೋಷ ಹಿಡಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಊಟದ ಮುಂದೆ ಕೂತವನಿಗೆ ಅದು ಅರ್ಧ ಮಾತ್ರ ಹೇಳುತ್ತದೆ.

ಊರಿನ ಅಡುಗೆಗೂ ಸಕೆ ಹೊಂದಿಸಿ ನೋಡಿದ್ದೇನೆ. ಬ್ಯಾಡಗಿ ಮೆಣಸು, ಹುಣಸೆಹುಳಿ, ತೆಂಗಿನಕಾಯಿ ಅರೆದು ಮಾಡಿದ ಬಂಗುಡೆ ಸಾರಿನ ಮುಂದೆ ಹಗುರ ಸಕೆಗಳೆಲ್ಲ ನೀರಾದವು. ಬಿಸಿ ಮಾಡಿದರೆ ಮೆಣಸಿನ ಉರಿ ಇಮ್ಮಡಿಸಿತು. ಮೊಸರಿನಂತೆ ಮಬ್ಬಾಗಿ ಸಿಹಿಯಿರುವ ನಿಗೊರಿಯನ್ನು ತಣ್ಣಗೆ ಕುಡಿದಾಗ ಮಾತ್ರ ಖಾರ ತಗ್ಗಿ ತೆಂಗಿನಕಾಯಿ ಮೇಲೆ ಬಂತು. ಸಾರಿಗಿಂತ ಅಮ್ಮ ಡಬ್ಬಿಯಲ್ಲಿ ಕಳಿಸಿದ ಒಣ ಸಿಗಡಿಯೇ ಚೆನ್ನಾಗಿ ಹೊಂದಿತು. ಮೆಣಸು ಹಾಕದೆ, ಬಾಣಲೆಯಲ್ಲಿ ಬರೀ ಹುರಿದದ್ದು, ಬೆಚ್ಚನೆಯ ಯಮಹಾಯ್ ಜೊತೆ. ಒಂದು ಹಿಡಿ ಒಕಾಮಿ-ಸಾನ್‌ಗೂ ಕೊಟ್ಟೆ. ಆಕೆ ಒಂದನ್ನು ಕಡಿದು, ಕಣ್ಣು ಮುಚ್ಚಿ, ಗಂಡನನ್ನು ಒಲೆಯ ಮುಂದಿನಿಂದ ಕರೆದರು.

ಒಂದು ಗೊ, ಅಂದರೆ 180 ಮಿಲಿ, ನನ್ನ ಮಿತಿ. ಅದರಲ್ಲೇ 20 ಗ್ರಾಮಿಗಿಂತ ಹೆಚ್ಚು ಮದ್ಯಸಾರ ಇರುತ್ತದೆ. ಮೆತ್ತಗೆ ಇಳಿಯುವುದರಿಂದ ಗೊತ್ತಾಗುವುದಿಲ್ಲ. ಪ್ರತಿ ತೊಕ್ಕುರಿಯ ಪಕ್ಕ ಆಕೆ ಕೇಳದೆಯೇ ಒಂದು ಲೋಟ ನೀರು ಇಡುತ್ತಿದ್ದರು. ಆ ನೀರಿಗೂ ಅಲ್ಲಿ ಹೆಸರಿದೆ, 'ಯವರಗಿ-ಮಿಜು', ಶಮನದ ನೀರು. ಕುಡಿತದಿಂದ ಮನೆಗಳು ಹಾಳಾದದ್ದನ್ನು ಊರಿನಲ್ಲಿ ನೋಡಿ ಬೆಳೆದ ನಾನು ಆ ಲೋಟವನ್ನು ಒಂದು ದಿನವೂ ಹಾಗೇ ಬಿಟ್ಟಿಲ್ಲ.

ಕೋಬೆ ಬಿಡುವ ಹಿಂದಿನ ರಾತ್ರಿ ಅಲ್ಲಿಗೆ ಹೋದೆ. ಮಾರ್ಚ್ ತಿಂಗಳು. ಇತ್ತೀಚಿನ ವರ್ಷಗಳಲ್ಲಿ ಇಕನಾಗೊ ಸಿಗುವುದೇ ಅಪರೂಪವಾಗಿದೆ, ಹಾಗಾಗಿ ಕುಗಿನಿ ಇರಲಿಲ್ಲ. ಓಡೆನ್ ಇತ್ತು. ಸಾರಿನಲ್ಲಿ ಹಗಲಿಡೀ ಬೆಂದ ಮೂಲಂಗಿ, ಮೊಟ್ಟೆ, ತೋಫು. ಜೊತೆಗೆ 45 ಡಿಗ್ರಿಯ ನಾದಾ ಸಕೆ. ತೊಕ್ಕುರಿ ಮುಗಿದ ಮೇಲೆ, ಅಲ್ಲಿನ ರೂಢಿಯಂತೆ, ಅನ್ನ ಬಂತು. ಊಟ ಮುಗಿಸುವ ಆ ಕೊನೆಯ ಬಟ್ಟಲು ಒಚಜುಕೆ: ಬಿಸಿ ಅನ್ನದ ಮೇಲೆ ಬಿಸಿ ಚಹಾ ಹೊಯ್ದದ್ದು, ನಮ್ಮ ಗಂಜಿಯೇ ಎನ್ನಬಹುದು. ಅದರ ಮೇಲೆ ನೆಂಚಿಕೊಳ್ಳಲು ಉಮೆಬೋಶಿ, ಉಪ್ಪಿನಲ್ಲಿಟ್ಟು ಒಣಗಿಸಿದ ಹುಳಿ ಹಣ್ಣು. ಪ್ರತಿ ಸಲ ಒಂದು ಇಡುತ್ತಿದ್ದ ಒಕಾಮಿ-ಸಾನ್ ಆ ರಾತ್ರಿ ಏನೂ ಹೇಳದೆ ಎರಡು ಇಟ್ಟಿದ್ದರು.